ಬಂದ್ ಆದ ಪ್ಲಾಂಟಿನ ಮೋಟರ್ ಸದ್ದು

ಹೋದ ವಾರ ಒಂದು ಸಂಜೆ ನಾನು ಮೋಟರ್ ಆಗಿದ್ದೆ.

ನಗಬೇಡ್ರಿ. ಈ ಅಂಕಣ ಓದುವವರಿಗೆ ಗೊತ್ತೇ ಇದೆ, ದೇವರು ನನಗೆ ಸ್ವಂತ ದನಿ ಕೊಡುವುದನ್ನು ಮರೆತು ಊರವರ ದನಿಯನ್ನೆಲ್ಲ ಕೊಟ್ಟಿದ್ದಾನೆ. ದೇವದುರ್ಗ ಬಸ್ಸಿನ ಕಂಡಕ್ಟರ್, ನಮ್ಮ ಓಣಿಯ ಹಾಲಿನವ್ವ, ಹೆಣ್ಣು ನೋಡಲು ಹೋಗಿ ತೊದಲಿದ ನಾನು. ಎಲ್ಲರನ್ನೂ ಮಾಡಿ ತೋರಿಸುತ್ತೇನೆ. (ಕೊನೆಯದಕ್ಕೇ ಚಪ್ಪಾಳೆ ಜಾಸ್ತಿ.)

ನನ್ನ ಸೋದರಮಾವ ಒಂದು ಬಂದ್ ಆದ ಪ್ಲಾಂಟಿಗೆ ವಾಚ್‌ಮನ್. ಊರ ಚರಂಡಿ ನೀರನ್ನು ಸ್ವಚ್ಛ ಮಾಡಿ ಕಾಲುವೆ ಹಿಡಿಸಿ ಹಳ್ಳಕ್ಕೆ ಬಿಡಬೇಕಾದ ಪ್ಲಾಂಟ್. (ಮಾನ್ವಿ ಕಡೆಯದೋ ರಾಯಚೂರು ಕಡೆಯದೋ ಕೇಳಬೇಡ್ರಿ, ಮಾವನ ನೌಕರಿ ಇನ್ನೂ ಅದ.) ಮೋಟರ್ ಕೆಟ್ಟು ಎರಡು ಬೇಸಿಗೆ ಕಳೆದವು. ರಿಪೇರಿ ಯಾರು ಮಾಡಿಸಬೇಕೆಂದು ಎರಡು ಆಫೀಸುಗಳು ಮುಖ ಮುಖ ನೋಡುತ್ತ ಕೂತಿವೆ. ಗೇಟಿಗೆ ಮಾತ್ರ ಹೊಸ ಬಣ್ಣ ಬಂದಿದೆ!

ಬುತ್ತಿ ಕೊಡಲು ಹೋಗಿದ್ದೆ. ಮಾವ ರೊಟ್ಟಿ ಮುರಿಯುತ್ತ, "ಲೇ ಅಳಿಯಾ, ಎಲ್ಲಾರ ದನಿ ತೆಗಿತಿ. ನಮ್ಮ ಮೋಟರಿಂದು ತೆಗಿ ನೋಡೋಣು. ಕಿವಿಗೆ ಬಿದ್ದು ಭಾಳ ದಿನ ಆತು" ಅಂದ.

"ನಿಮ್ಮ ಗೊರಕಿ ತೆಗದ್ರ ಸಾಕಲ್ರೀ ಮಾವ?"

"ತೆಗಿಯೋ ಮಗನ."

ಒಣಗಿದ ತೊಟ್ಟಿಯೊಳಗೆ ಇಳಿದು, ಬಾಯಿಗೆ ಕೈ ಹಚ್ಚಿ ಶುರು ಮಾಡಿದೆ. ಮೊದಲು ಕೆಮ್ಮು. ಆಮೇಲೆ ಗುರ್ರ್. ಆಮೇಲೆ ಒಂದೇ ಸಮನೆ ಹೂಂಕಾರ. ಅಷ್ಟು ದೊಡ್ಡ ಕಾಂಕ್ರೀಟ್ ತೊಟ್ಟಿ, ನನ್ನ ದನಿಯನ್ನು ಹತ್ತು ಪಟ್ಟು ಮಾಡಿ ಹೊರಗೆಸೆಯಿತು. ಮಾವ ಕಣ್ಣು ಮುಚ್ಚಿ ಕೇಳಿದ. ನಾನು ಉಬ್ಬಿದೆ. ಇನ್ನಷ್ಟು ಎಳೆದೆ.

ಯಾರೋ ಗೇಟು ದಡದಡ ಬಡಿದರು.

ನೀಲಮ್ಮ. ಪ್ಲಾಂಟಿನ ಕಾಲುವೆ ಪಕ್ಕ ಸೊಪ್ಪು-ಪಲ್ಯದ ಮಡಿ ಮಾಡಿಕೊಂಡಿರುವ ಹೆಂಗಸು. ಕೈಯಲ್ಲಿ ಸಲಿಕೆ, ಮುಖದ ತುಂಬ ನಗು.

"ಕಡಿಗೂ ಚಾಲೂ ಮಾಡಿದ್ರಲ್ಲ ಯಪ್ಪಾ! ಎಲ್ಲಾರಕಿಂತ ಮದ್ಲ ನಾನಽ ಒಡ್ಡು ಕಡದು ಬಂದೀನಿ!"

ಮಾವನ ಕೈಯ ರೊಟ್ಟಿ ಬಾಯಿಗೆ ಹೋಗಲಿಲ್ಲ.

ಅಲ್ಲಿನ ರೂಢಿ ಹಾಗೆ. ಮೋಟರ್ ಸದ್ದು ಕೇಳಿತೆಂದರೆ ಕಾಲುವೆಗೆ ಸ್ವಚ್ಛ ನೀರು. ಯಾರು ಮೊದಲು ಒಡ್ಡು ಕಡಿಯುತ್ತಾರೋ ಅವರದೇ ಮೊದಲ ಪಾಳಿ. ಪ್ಲಾಂಟ್ ನಿಂತ ಮೇಲೆ ಅದೇ ಕಾಲುವೆಯಲ್ಲಿ ಊರ ಹೊಲಸು ಹಾಗೇ ಹರಿಯುತ್ತದೆ. ಅದು ಒಳಗೆ ಬರದಂತೆ ಒಡ್ಡು ಹಾಕಿ, ದೂರದ ಬೋರಿನಿಂದ ಕೊಡ ಹೊತ್ತು, ಆಕೆ ಒಂದು ಮಡಿ ಮೆಂತೆ ಬೆಳೆಸಿದ್ದಳು.

"ಯವ್ವಾ, ಅದು ಮೋಟರ್ ಅಲ್ಲ... ನಾನು."

ಆಕೆಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಮಾಡಿ ತೋರಿಸಬೇಕಾಯಿತು. ಸಣ್ಣ ದನಿಯಲ್ಲಿ.

ಮೂವರೂ ಓಡಿದೆವು. ಮಬ್ಬುಗತ್ತಲು. ಮಡಿಯ ತುಂಬ ಕಪ್ಪು ನೀರು. ಮರುದಿನ ಸಂತೆಗೆ ಕೀಳಬೇಕಿದ್ದ ಮೆಂತೆಯ ತುದಿಗಳಷ್ಟೇ ಮೇಲೆ ಕಾಣುತ್ತಿದ್ದವು.

"ಚಲೋ ನೀರಾಗ ತೊಳದು ಮಾರು ಬೇ, ಯಾರಿಗೆ ತಿಳೀತದ?" ಮಾವ ಮೆಲ್ಲಗೆ ಅಂದ.

"ಬಾಣಂತ್ಯಾರು ಒಯ್ಯೋ ಪಲ್ಯ ಅದ ಇದು."

ಸೆರಗು ಬಿಗಿದು ಕೀಳತೊಡಗಿದಳು. ನಾನೂ ಇಳಿದೆ. ಬೈಯಲಿ ಎಂದು ಕಾದೆ. ಬೈಯಲಿಲ್ಲ. (ಬೈದಿದ್ದರೆ ಅದನ್ನೂ ಕಲಿತು ನಿಮ್ಮನ್ನು ನಗಿಸುತ್ತಿದ್ದೆನೋ ಏನೋ, ನನ್ನನ್ನು ನಂಬಬೇಡಿ.)

ಪ್ಲಾಂಟ್ ನಿಂತಿದೆ ಎಂಬುದು ಆಫೀಸಿನವರಿಗೆ ಒಂದು ಸುದ್ದಿ. ಕೊಡ ಹೊರುವಾಗಲೂ ಒಂದು ಕಿವಿ ಇತ್ತ ಕಡೆಗೇ ಇಟ್ಟುಕೊಂಡವಳಿಗೆ? ಆಕೆಗೆ ನೋಟಿಸ್ ಬರುವುದಿಲ್ಲ, ಫೋನ್ ಬರುವುದಿಲ್ಲ. ಬರುವುದಿದ್ದರೆ ಆ ಸದ್ದೊಂದೇ.

ಎಲ್ಲ ಕಿತ್ತಾದ ಮೇಲೆ ನೀಲಮ್ಮ ಬದುವಿನ ಮೇಲೆ ಕೂತು ನನ್ನನ್ನೇ ನೋಡಿದಳು.

"ನಾಳಿ ಖರೇನಽ ಮೋಟರ್ ಚಾಲೂ ಆತಂದ್ರ, ಅದು ನೀನಲ್ಲಂತ ನಾ ಹೆಂಗ ತಿಳಕೊಳ್ಳಲೆಪಾ?"