ಚಾಚಾನ ಜೀಪು, ನನ್ನ ಪಿಕಪ್ಪು

ಸರಪಳಿ ಬಿಗಿಯಾಯಿತು. ಆಕ್ಸಿಲರೇಟರ್ ಒತ್ತಿದೆ. ಹಿಂದಿನ ಚಕ್ರ ನಿಂತಲ್ಲೇ ತಿರುಗಿತು, ಕ್ಲಚ್ ಸುಟ್ಟ ವಾಸನೆ ಮೂಗಿಗೆ ಹೊಡೆಯಿತು. ಮೊನ್ನೆ ಹಳ್ಳಿಖೇಡದ ಹತ್ತಿರ, ಕಬ್ಬು ಇಳಿಸಿ ಬರುತ್ತಿದ್ದ ಖಾಲಿ ಟ್ರಾಲಿಯನ್ನು ರಸ್ತೆ ಪಕ್ಕದ ತಗ್ಗಿನಿಂದ ಎಳೆಯುತ್ತಿದ್ದೆ. ಟ್ರಾಲಿಯವನು, "ಇನ್ನ ಜರಾ ಜಗ್ಗರಿ, ಬರಾಕತ್ತದ!" ಎಂದು ಕೂಗುತ್ತಲೇ ಇದ್ದ. ನಾನು ಎಂಜಿನ್ ಬಂದ್ ಮಾಡಿ ಕೆಳಗಿಳಿದೆ. ಅವತ್ತೂ ಇದೇ ವಾಸನೆ ಇತ್ತು... ಚಾಚಾ ಹೋದ ದಿನ.

ಚಾಚಾ ಅಂದರೆ ಸಂಬಂಧದಿಂದ ಚಿಕ್ಕಪ್ಪ ಅಲ್ಲ. ಬಸವಕಲ್ಯಾಣದ ರಸ್ತೆ ಹೆದ್ದಾರಿಗೆ ಬಂದು ಸೇರುವ ಕಡೆ ಅವರ ಗಾಡಿಯೂ ನನ್ನ ಗಾಡಿಯೂ ಪಕ್ಕಪಕ್ಕ ನಿಲ್ಲುತ್ತಿದ್ದವು. ಕೆಟ್ಟು ನಿಂತ ಗಾಡಿಗಳನ್ನು ಎಳೆದು ತರುವುದು ಇಬ್ಬರದೂ ಕೆಲಸ. ಅವರದು ಹಳೇ ಜೀಪು, ನಾಲ್ಕೂ ಚಕ್ರಕ್ಕೆ ಜೋರು ಹೋಗುವಂಥದ್ದು. ನನ್ನದು ಹೊಸ ಪಿಕಪ್ಪು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು, ಸುತ್ತಿ ಬಳಸಿ ಹೇಳಲು ಬರುವುದಿಲ್ಲ. ಅವರಿಗೆ ಕೆಲಸ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಅದು ನನಗೆ ಉರಿಯುತ್ತಿತ್ತು.

"ಚಾಚಾ, ಈ ಡಬ್ಬಾ ಗುಜರಿಗೆ ಹಾಕ್ರಿ. ಇದು ಜಗ್ಗೋದಕಿಂತ ಇದನ್ನ ಜಗ್ಗೋದೇ ಭಾಳ ಆಗ್ಯಾದ" ಎಂದು ದಿನಾ ಚಹಾ ಕುಡಿಯುವಾಗ ಕೆಣಕುತ್ತಿದ್ದೆ.

ಅವರು ನಗುತ್ತಿದ್ದರು. "ಸುನ್ ಬೇಟಾ. ನನ್ನ ಜೀಪು ಕೆಸರಿನ್ಯಾಗ ಪೈಲ್ವಾನ, ಇಳಿಜಾರು ಉತಾರದಾಗ ಕೂಸು. ಗಿಡ್ಡ ಗಾಡಿ, ಹಿಂದಿನ ಟ್ರಾಲಿ ದಬ್ಬಿದ್ರ ಅಲ್ಲಾಡ್ತದ. ನಿನ್ನ ಪಿಕಪ್ಪು ಉದ್ದ ಅದ, ಉತಾರದಾಗ ಶಾಣ್ಯಾ. ಕೆಸರು ಬಂತಂದ್ರ ಮದುಮಗ. ಕಾಲೇ ಇಡಂಗಿಲ್ಲ."

ಚಹಾ ಅಂಗಡಿಯವರೆಲ್ಲ ಮದುಮಗ, ಮದುಮಗ ಎಂದು ನನ್ನನ್ನೇ ಕರೆಯತೊಡಗಿದರು. ಸಿಟ್ಟು ಬರುತ್ತಿತ್ತು.

ಪಿಕಪ್ಪು ಖಾಲಿ ಇದ್ದಾಗ ಹಿಂದಿನ ಚಕ್ರದ ಮೇಲೆ ಭಾರ ಇರುವುದಿಲ್ಲ, ಅದಕ್ಕೇ ಜಾರುತ್ತದೆ ಎಂದು ತೋರಿಸಿಕೊಟ್ಟವರೂ ಅವರೇ. ಗರಸು ಮಣ್ಣಿನ ಕೆಂಪು ಮುರುಮಿನ ದಾರಿಯಲ್ಲಿ ಒಮ್ಮೆ ನಾನು ಜಾರಿ ನಿಂತಾಗ ನಾಲ್ಕು ಜನರನ್ನು ಹಿಂದೆ ಹತ್ತಿಸಿದರು. "ವಜನ್ ಹಾಕು ಹಿಂದ" ಎಂದರು. ಗಾಡಿ ಸುಮ್ಮನೆ ಎದ್ದು ಬಂತು. ನಾನು ಥ್ಯಾಂಕ್ಸ್ ಸಹ ಹೇಳಲಿಲ್ಲ.

ಕೊನೆಗೆ ಅವರು ಜೀಪು ಮಾರಿದರು. ಸಾಮಾನು ಸಿಗುತ್ತಿರಲಿಲ್ಲ, ಮೊಣಕಾಲು ನೋವು ಬೇರೆ. ನಾನು ದಿನಾ ಹಂಗಿಸಿದ್ದೂ ಒಂದು ಕಾರಣ ಇರಬೇಕು... ಅವರು ಹಾಗೆ ಹೇಳಲಿಲ್ಲ. ಉಮರ್ಗಾ ಕಡೆಯವರು ಬಂದು ಒಯ್ದರು. ಮರುದಿನದಿಂದ ಚಾಚಾ ನನ್ನ ಪಿಕಪ್ಪಿನಲ್ಲಿ ಪಕ್ಕದ ಸೀಟಿಗೆ ಬಂದು ಕುಳಿತರು.

ಸೋಯಾ ರಾಶಿ ಆಗುವ ದಿನಗಳಲ್ಲಿ ಮೂರು ದಿನ ಮಳೆ ಹಿಡಿಯಿತು. ಕೊಹಿನೂರು ಹಳ್ಳಿಯ ರೈತನೊಬ್ಬ ಫೋನ್ ಮಾಡಿದ. ಸೋಯಾ ಚೀಲ ತುಂಬಿದ ಟ್ರಾಲಿ ಹೊಲದ ದಾರಿಯಲ್ಲಿ ಹೂತಿದೆ ಎಂದ. ಮಧ್ಯಾಹ್ನ ಹೋದೆವು. ಡಾಂಬರು ಮುಗಿಯುವ ಕಡೆ ಚಾಚಾ ಇಳಿದು, ಮಣ್ಣು ತೆಗೆದು ಬೆರಳಲ್ಲಿ ತಿಕ್ಕಿ ನೋಡಿದರು.

"ಒಳಗ ಒಯ್ಯಬ್ಯಾಡ ಬೇಟಾ. ಇದು ಮುರುಮಲ್ಲ, ಕರಿ ಎರಿ ಮಣ್ಣು. ನುಂಗ್ತದ."

"ನೀವ್ ಸುಮ್ನ ಹತ್ರಿ ಚಾಚಾ. ನಿಮ್ಮ ಡಬ್ಬಾ ಅಲ್ಲ ಇದು."

ಹತ್ತಿದರು. ಟ್ರಾಲಿ ಮುಟ್ಟುವ ಮೊದಲೇ ನನ್ನ ಗಾಡಿ ಕುಳಿತಿತು. ನಾನು ರೇಸ್ ಕೊಟ್ಟಷ್ಟೂ ಕೆಳಗೆ ಹೋಯಿತು. ಬೈಯುತ್ತಾರೆ ಎಂದು ಪಕ್ಕಕ್ಕೆ ನೋಡಿದೆ. ಚಾಚಾ ಎದೆ ಹಿಡಿದುಕೊಂಡಿದ್ದರು. ಮುಖದ ಮೇಲೆ ಬೆವರು. ತಣ್ಣಗಿನ ಗಾಳಿ ಬೀಸುತ್ತಿತ್ತು, ಆದರೂ ಅಂಗಿ ಒದ್ದೆ.

ರೈತ ಊರಿಗೆ ಫೋನ್ ಹಚ್ಚಿ ಒಂದು ಕಾರು ತರಿಸಿದ. ಕಾರು ಡಾಂಬರಿನ ಮೇಲೆ ಬಂದು ನಿಂತಿತು, ಒಳಗೆ ಬರುವಂತಿರಲಿಲ್ಲ. ಅದು ನಮಗೆ ಕಾಣುತ್ತಿತ್ತು. ಅಷ್ಟೇ ದೂರ. ಕಾರಿನವನು ಹಾರನ್ ಹೊಡೆಯುತ್ತಲೇ ಇದ್ದ. ನಾನು ಗಾಡಿ ಮುಂದೆ, ಹಿಂದೆ, ಮುಂದೆ ಮಾಡುತ್ತಲೇ ಇದ್ದೆ. ಚಾಚಾನನ್ನು ನನ್ನ ಪಿಕಪ್ಪಿನಲ್ಲೇ ಆ ಡಾಂಬರಿಗೆ ಮುಟ್ಟಿಸಬೇಕು ಎಂಬುದೊಂದೇ ತಲೆಯಲ್ಲಿ.

ಚಾಚಾ ಕಣ್ಣು ಮುಚ್ಚಿಕೊಂಡೇ ಹೇಳಿದರು, "ವಜನ್... ವಜನ್ ಹಾಕು ಹಿಂದ."

ಹಾಕಿದೆವು. ರೈತ, ಅವನ ತಮ್ಮ, ಇಬ್ಬರು ಕೂಲಿಯವರು, ನಾನು. ಟ್ರಾಲಿಯಿಂದ ಒಂದೊಂದೇ ಚೀಲ ಹೊತ್ತು, ಮೊಣಕಾಲುದ್ದ ಕೆಸರು ತುಳಿದು ತಂದು ಹೇರಿದೆವು. ರೇಸ್ ಕೊಟ್ಟೆ. ಕ್ಲಚ್ ಸುಟ್ಟು ಹೊಗೆ ಬಂತು. ಗಾಡಿ ಹಿಂದಿನ ಆಕ್ಸಲ್‌ತನಕ ಇಳಿದು ಕುಳಿತಿತು. ಎರೆ ಮಣ್ಣಿನಲ್ಲಿ ಆ ಉಪಾಯ ನಡೆಯುವುದಿಲ್ಲ. ಅದು ಚಾಚಾನಿಗೆ ಗೊತ್ತಿಲ್ಲದೆ ಇರಲು ಸಾಧ್ಯವೇ? ನೋವಿನಲ್ಲಿ ಮರೆತರೋ, ನನ್ನ ಮಾನ ಉಳಿಯಲಿ ಎಂದು ಹೇಳಿದರೋ... ಗೊತ್ತಿಲ್ಲ. ಕೇಳುವುದು ಯಾರನ್ನು?

ರಾಶಿಯ ಹತ್ತಿರ ನಿಂತಿದ್ದ ರೈತನ ಹೆಂಡತಿ ಓಡಿ ಬಂದು ಚೀರಿದಳು. "ಏ ಅಣ್ಣಾ, ಮನಷ್ಯಾನ ವಜನ್ ಎಷ್ಟದ? ಇಷ್ಟು ಮಂದಿ ಚೀಲ ಹೊರಾಕತ್ತೀರಿ, ಅವನ್ನ ಹೊರಾಕ ಆಗೋದಿಲ್ಲೇನ? ಎದಿನೋವು ಗಾಡಿಗಿ ಬಂದದೋ, ಅವನಿಗಿ ಬಂದದೋ?"

ರಾಶಿಗೆ ಮುಚ್ಚಿದ್ದ ತಾಡಪತ್ರಿ ಅವಳೇ ಎಳೆದು ತಂದಳು. ಅದರಲ್ಲಿ ಚಾಚಾನನ್ನು ಮಲಗಿಸಿ ನಾಲ್ಕು ಮೂಲೆ ಹಿಡಿದು ನಡೆದೆವು. ಡಾಂಬರು ಮುಟ್ಟಲು ಒಂದು ಬೀಡಿ ಸೇದುವಷ್ಟು ಹೊತ್ತೂ ಆಗಲಿಲ್ಲ.

ಬೀಡಿ ಸೇದುವಷ್ಟು ಹೊತ್ತು. ಅದಕ್ಕೆ ನಾನು ಅರ್ಧ ಗಂಟೆಯ ಮೇಲೆ ಕಳೆದಿದ್ದೆ.

ಕಾರಿನಲ್ಲಿ ಅವರ ತಲೆ ನನ್ನ ತೊಡೆಯ ಮೇಲಿತ್ತು. ಹುಮನಾಬಾದ್ ದಾರಿಯಲ್ಲಿ ಒಮ್ಮೆ ಕಣ್ಣು ತೆರೆದು, "ಗಾಡಿ ತೆಗದೇನೋ?" ಎಂದು ಕೇಳಿದರು.

"ತೆಗದೀನ್ರಿ ಚಾಚಾ" ಎಂದೆ. ಸುಳ್ಳು.

"ಶಾಬಾಸ್" ಎಂದರು. ಊರಿನ ಮೊದಲ ಮನೆಗಳು ಕಾಣುವಾಗ ತಲೆ ಭಾರವಾಯಿತು. ಕೈಗೆ ಗೊತ್ತಾಯಿತು, ಬಾಯಿಗೆ ಬರಲಿಲ್ಲ. ದವಾಖಾನೆಯ ಬಾಗಿಲ ತನಕ ಅವರಿಗೆ ಗಾಳಿ ಬೀಸುತ್ತಲೇ ಇದ್ದೆ...

ಬೇಗ ಬಂದಿದ್ದರೆ ಉಳಿಯುತ್ತಿದ್ದರು ಎಂದು ಯಾರೂ ನನಗೆ ಹೇಳಲಿಲ್ಲ. ಉಳಿಯುತ್ತಿರಲಿಲ್ಲ ಎಂದೂ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಈಗಲೂ ಅದೇ ಕೆಲಸ ಮಾಡುತ್ತೇನೆ, ಬೇರೆ ಬರುವುದಿಲ್ಲ. ರಂಜಾನಿಗೆ ಅವರ ಮನೆಗೆ ಹೋಗುತ್ತೇನೆ. ಚಾಚಾನನ್ನು ಕೆಸರಿನಲ್ಲಿ ಹೊತ್ತು ತಂದದ್ದು ಚಾಚಿಗೆ ಗೊತ್ತು. ಅದಕ್ಕಿಂತ ಮೊದಲು ಏನಾಯಿತು ಎಂಬುದು ಗೊತ್ತಿಲ್ಲ. ಈ ಸಲವೂ ತಟ್ಟೆ ಮುಂದಿಟ್ಟು, "ಹೊತ್ಕೊಂಡು ಬಂದಿ ಬೇಟಾ, ಹೊಟ್ಟ್ಯಾಗ ಹುಟ್ಟಿದವ್ರೂ ಮಾಡಂಗಿಲ್ಲ" ಎಂದರು. ನಾನು ತಲೆ ಬಗ್ಗಿಸಿ ತಿಂದೆ. ಹೇಳಬೇಕು ಎಂದೇ ಹೋಗಿದ್ದೆ. ಹೇಳಲಿಲ್ಲ. ಎದ್ದು ಬಂದೆ.

ಇಷ್ಟೇ.