ತಾಂಬಾದ ಎಮ್ಮೆ

ತಾಂಬಾದಲ್ಲಿ ಬಸ್ಸು ಪಂಕ್ಚರ್ ಆಯಿತು. ಮಸೂತಿಯ ಹೈನುಗಾರ ಹೆಂಗಸರು ಮರುದಿನ ನೆಡಲೆಂದು ನಾನು ಒಯ್ಯುತ್ತಿದ್ದ ನೇಪಿಯರ್ ಮೇವಿನ ಹುಲ್ಲಿನ ದಂಟುಗಳ ಕಟ್ಟನ್ನು ಬೇವಿನ ನೆರಳಲ್ಲಿಟ್ಟು ಚಹಾ ಕುಡಿಯಲು ಹೋದೆ. ತಿರುಗಿ ನೋಡಿದರೆ ಎಮ್ಮೆಯೊಂದು ಕಟ್ಟಿನೊಳಗೆ ಮೂತಿ ಇಟ್ಟಿತ್ತು. ಓಡಿದೆ.

ಅದರ ಒಡತಿ ದಂಟೊಂದನ್ನು ಎತ್ತಿ ತೋರಿಸಿದಳು. "ಅಂಜಬ್ಯಾಡ್ರಿ ಅಕ್ಕಾರ, ಬರೇ ಎಲಿ ತಿಂದೈತಿ. ನೀವು ಸವರಿ ತರಬೇಕಿತ್ತು, ಅದು ಸವರೈತಿ."

ಒಂದೊಂದನ್ನೂ ತಿರುವಿ ನೋಡಿದೆ. ಚಿಗುರೊಡೆಯುವ ಗೆಣ್ಣುಗಳೆಲ್ಲ ಹಾಗೇ ಇದ್ದವು. ಎದೆ ಹಗುರಾಯಿತು.

"ಜ್ವಾಳದ ಒಣ ಕಣಕಿ ಹಾಕಿದ್ರ ಮಾರಿ ತಿರುವತಾಳ ಈಕಿ," ಎಂದಳು ಒಡತಿ. "ನನಗೂ ಎರಡು ಕೊಡ್ರಿ."

ಮೂರು ಕೊಟ್ಟೆ. ಬಸ್ಸು ಹೊರಡುವಷ್ಟರಲ್ಲಿ ಆಕೆ ಅವನ್ನು ಚಹಾದಂಗಡಿಯ ನೀರು ಹರಿಯುವಲ್ಲಿ ಓರೆಯಾಗಿ ಊರಿ, ಎಮ್ಮೆಯನ್ನು ರಸ್ತೆಯ ಆಚೆ ಬದಿಗೆ ಕಟ್ಟಿದ್ದಳು.