ನಾನು ಸುಮ್ಮನೆ ಕೂತಿದ್ದ ಹತ್ತು ನಿಮಿಷ

ಎರಡು ವರ್ಷದ ಹಿಂದಿನ ಮಾತು. ಜಡಿಮಳೆಯ ಆಟಿ ತಿಂಗಳು, ಊರಿಡೀ ಮಕ್ಕಳಿಗೆ ಜ್ವರ. ಕಾಸರಗೋಡಿನ ಒಂದು ಸಗಟು ಔಷಧ ಮಳಿಗೆಯಲ್ಲಿ ನಾನು ಕಂಪ್ಯೂಟರ್ ನೋಡಿಕೊಳ್ಳುವವನು. ಮಂಜೇಶ್ವರದಿಂದ ಹಿಡಿದು ಮುಳ್ಳೇರಿಯದವರೆಗಿನ ಎಷ್ಟೋ ಮೆಡಿಕಲ್ ಶಾಪುಗಳಿಗೆ ಮದ್ದು ಹೋಗುವುದು ನಮ್ಮಲ್ಲಿಂದ. ಯಾವ ಮದ್ದಿನ ಯಾವ ಬ್ಯಾಚು ಯಾವ ಅಂಗಡಿಗೆ ಹೋಯಿತು ಎಂಬುದೆಲ್ಲ ನಮ್ಮ ಸಾಫ್ಟ್‌ವೇರಿನಲ್ಲಿ ಇರುತ್ತದೆ.

ಆ ಮಳೆಗಾಲದ ರಶ್ಶಿನಲ್ಲಿ ಸಾಫ್ಟ್‌ವೇರ್ ತೆವಳತೊಡಗಿತ್ತು. ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಬಳಕೆಯಲ್ಲಿಲ್ಲದ ಇಂಡೆಕ್ಸ್‌ಗಳನ್ನು ತೆಗೆದುಬಿಟ್ಟರೆ ಚುರುಕಾಗುತ್ತದೆ ಎಂದು ಯಾರೋ ಬರೆದಿದ್ದರು. ದೊಡ್ಡ ಪುಸ್ತಕದ ಕೊನೆಯಲ್ಲಿ ಯಾವ ವಿಷಯ ಯಾವ ಪುಟದಲ್ಲಿದೆ ಎಂಬ ಪಟ್ಟಿ ಇರುತ್ತದಲ್ಲ, ಇಂಡೆಕ್ಸ್ ಎಂದರೆ ಹೆಚ್ಚುಕಡಿಮೆ ಅದೇ. ಬ್ಯಾಚ್ ನಂಬರಿನ ಇಂಡೆಕ್ಸನ್ನು ತಿಂಗಳುಗಟ್ಟಲೆ ಯಾರೂ ಬಳಸಿರಲಿಲ್ಲ. ಅಳಿಸಿಬಿಟ್ಟೆ. ಕೆಲಸ ತುಸು ಬೇಗ ಸಾಗಿತು. ಮಾಲಕರಾದ ಕೇಶವಣ್ಣ ನನ್ನ ಬೆನ್ನು ತಟ್ಟಿದರು. ಏನು ಮಾಡಿದೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ವಾರ ಕಳೆದಿರಬಹುದು. ಒಂದು ಮಧ್ಯಾಹ್ನ ಊಟ ಮುಗಿಸಿ ಬಂದು ಕೂತಾಗ ಔಷಧ ಕಂಪೆನಿಯಿಂದ ಮೇಲ್ ಬಂತು. ಮಕ್ಕಳ ಜ್ವರದ ಸಿರಪ್ಪಿನ ಒಂದು ಬ್ಯಾಚಿನಲ್ಲಿ ದೋಷ ಕಂಡಿದೆ, ಒಂದು ಬಾಟಲಿಯನ್ನೂ ಮಾರಬಾರದು, ಕೂಡಲೇ ವಾಪಸು ತರಿಸಿ ಎಂದಿತ್ತು. ಆ ಬ್ಯಾಚನ್ನು ಹಿಂದಿನ ದಿನವಷ್ಟೇ ನಾವು ಅಂಗಡಿಗಳಿಗೆ ಕಳಿಸಿದ್ದೆವು.

ಬ್ಯಾಚ್ ನಂಬರ್ ಹಾಕಿ ಹುಡುಕಿದೆ. ಪರದೆಯ ಮೇಲೆ ಎರರ್ ಬಂತು: ಇಂಡೆಕ್ಸ್ ಇಲ್ಲ.

ನಾನು ಅಳಿಸಿದ ಅದೇ ಇಂಡೆಕ್ಸ್. ಕೇಶವಣ್ಣ ಅಷ್ಟರಲ್ಲಿ ಸಾಫ್ಟ್‌ವೇರಿನವರ ಮಂಗಳೂರು ಆಫೀಸಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ್ದರು. ಆ ಕಡೆಯಿಂದ ರೇಷ್ಮಾ ಎಂಬವರು ನಮ್ಮ ಕಂಪ್ಯೂಟರಿನೊಳಗೆ ಬಂದು ನೋಡಿದರು.

"ಇಂಡೆಕ್ಸೇ ಕಾಣುವುದಿಲ್ಲ ಮಾರಾಯ್ರೆ. ಯಾರಾದ್ರೂ ಎಂತಾದ್ರೂ ಮುಟ್ಟಿದ್ದೀರಾ?"

ಹೇಳಲೆಂದು ನಾನು ಬಾಯಿ ತೆರೆದೆ. ಅಷ್ಟರಲ್ಲೇ ಕೇಶವಣ್ಣ, "ಇಲ್ಲಪ್ಪ. ಇಲ್ಲಿ ಮುಟ್ಟುವವ ಅಂತ ಇರುವುದು ಇವನೊಬ್ಬನೇ. ಇವ ಭಾರೀ ಹುಷಾರು ಮಾರಾಯ್ತಿ, ಹಾಗೆಲ್ಲ ಮಾಡುವವನಲ್ಲ" ಎಂದರು.

ತೆರೆದ ಬಾಯಿ ಹಾಗೆಯೇ ಮುಚ್ಚಿಕೊಂಡಿತು.

"ಹಾಗಾದ್ರೆ ಡೇಟಾಬೇಸೇ ಹಾಳಾಗಿದೆಯೋ ಎಂತದೋ. ಮೊದಲು ಪೂರಾ ಚೆಕ್ ಮಾಡಬೇಕು. ಸ್ವಲ್ಪ ಹೊತ್ತು ಬೇಕಾಗ್ತದೆ" ಎಂದು ರೇಷ್ಮಾ ಕೆಲಸ ಶುರು ಮಾಡಿದರು. ಅಂಗಡಿಯವರ ವಾಟ್ಸಾಪ್ ಗ್ರೂಪಿಗೆ ಸುದ್ದಿ ಹಾಕಿದ್ದೆವು. ಆದರೆ ಗುಡ್ ಮಾರ್ನಿಂಗ್ ಹೂವುಗಳ ನಡುವೆ ಅದನ್ನು ಎಷ್ಟು ಮಂದಿ ನೋಡಿಯಾರು? ಕೇಶವಣ್ಣ ಇನ್ನೊಂದು ಫೋನಿನಲ್ಲಿ ಮಂಜೇಶ್ವರದಿಂದ ಸುರುಮಾಡಿ ಒಂದೊಂದೇ ಅಂಗಡಿಗೆ ಕರೆ ಮಾಡತೊಡಗಿದರು. "ನಿಮಗೆ ಬರ್ಲಿಲ್ವಾ? ಸರಿ, ಸರಿ" ಎನ್ನುವುದು, ಮುಂದಿನ ನಂಬರ್ ಒತ್ತುವುದು. ನಾನು ಪರದೆಯನ್ನೇ ನೋಡುತ್ತ ಕೂತಿದ್ದೆ. ಗೋಡೆ ಗಡಿಯಾರದಲ್ಲಿ ಹತ್ತು ನಿಮಿಷ ಹೋಯಿತು.

ಕೊನೆಗೆ ಹೇಳಿದೆ. "ಮೇಡಂ, ಅದು ಹಾಳಾದದ್ದಲ್ಲ. ನಾನೇ ತೆಗೆದದ್ದು."

ಕೇಶವಣ್ಣನ ಬೆರಳು ಫೋನಿನ ಮೇಲೆ ನಿಂತಿತು.

"ಅಯ್ಯೋ ದೇವರೇ! ನಾನು ಇಲ್ಲದ ರೋಗಕ್ಕೆ ಸ್ಕ್ಯಾನಿಂಗ್ ಮಾಡ್ತಾ ಇದ್ದೇನಲ್ಲ!" ಎಂದರು ರೇಷ್ಮಾ. ಸಿಟ್ಟು ಮಾಡಲಿಲ್ಲ. ಚೆಕ್ ನಿಲ್ಲಿಸಿ ಇಂಡೆಕ್ಸನ್ನು ಮತ್ತೆ ಕಟ್ಟಿದರು. ನಾಲ್ಕೇ ನಿಮಿಷದ ಕೆಲಸ. ಒಂಬತ್ತು ಅಂಗಡಿಗಳ ಪಟ್ಟಿ ಬಂತು.

"ಬೈಯುವುದು ಆಮೇಲೆ. ಮೊದಲು ಫೋನ್ ತೆಗಿ" ಎಂದರು ಕೇಶವಣ್ಣ.

ಮುಳ್ಳೇರಿಯದ ಅಬ್ದುಲ್ಲಾಕನ ಅಂಗಡಿಗೆ ನಾನೇ ಮಾಡಿದೆ. "ಪೆಟ್ಟಿಗೆ ಬಿಚ್ಚಿದ್ದೇ ಈಗ ಮಾರಾಯ. ಒಂದು ಬಾಟಲಿ ಹೋಯಿತು, ಐದು ನಿಮಿಷ ಆಯಿತಷ್ಟೆ. ಒಬ್ಬಳು ಹೆಂಗಸು, ಸೊಂಟದಲ್ಲಿ ಮಗು ಇತ್ತು. ಬಸ್ಸು ಹತ್ತಿದ್ದು ಕಂಡಿದ್ದೇನೆ." ವಿಷಯ ಹೇಳಿದೆ. ಶಟರ್ ಎಳೆಯುವ ಸದ್ದು, ಆಟೋ ಕೂಗಿ ಕರೆಯುವ ಸದ್ದು ಫೋನಿನಲ್ಲೇ ಕೇಳಿಸಿತು.

ಉಳಿದ ಅಂಗಡಿಗಳಲ್ಲಿ ಒಂದೂ ಮಾರಾಟವಾಗಿರಲಿಲ್ಲ. ಅಬ್ದುಲ್ಲಾಕನ ಫೋನ್ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಆ ಹೊತ್ತಿನಲ್ಲಿ ನನ್ನ ಮುಂದೆ ಇಟ್ಟ ಚಹಾ ಕೆನೆಗಟ್ಟಿತ್ತು.

"ಸಿಕ್ಕಿತು ಮಾರಾಯ! ಬಸ್ಸಿನ ಕಂಡಕ್ಟರನಿಗೆ ಅವಳು ಇಳಿದ ಸ್ಟಾಪು ನೆನಪಿತ್ತು, ಅಲ್ಲಿ ಕೇಳಿಕೊಂಡು ಮನೆಗೆ ಹೋದೆ. ಮಗು ದಾರಿಯಲ್ಲೇ ನಿದ್ದೆ ಹೋಗಿದೆ. ಎದ್ದಮೇಲೆ ಕುಡಿಸುವಾ ಅಂತ ಬಾಟಲಿ ಹಾಗೇ ಇಟ್ಟಿದ್ದಳು." ಏದುಸಿರಿನ ನಡುವೆ ನಕ್ಕರು. "ನಿನ್ನ ಫೋನು ಹತ್ತು ನಿಮಿಷ ಮೊದಲು ಬಂದಿದ್ದರೆ ನನಗೆ ಈ ಓಟ ಇತ್ತಾ?"

ನನಗೆ ನಗು ಬರಲಿಲ್ಲ.

ಮರುದಿನ ಆ ಬಾಟಲಿ ವ್ಯಾನಿನಲ್ಲಿ ವಾಪಸು ಬಂತು. ಮುಚ್ಚಳದ ಸೀಲನ್ನು ಬೆರಳಲ್ಲಿ ಮುಟ್ಟಿ ನೋಡಿದೆ, ಒಡೆದಿರಲಿಲ್ಲ. ಕೇಶವಣ್ಣ ಆಮೇಲೂ ಬೈಯಲಿಲ್ಲ. "ಇನ್ನು ಎಂತ ಮಾಡಿದರೂ ಗೋಡೆ ಮೇಲಿನ ಕ್ಯಾಲೆಂಡರಿನಲ್ಲಿ ಬರೆದಿಡು" ಎಂದರು, ಅಷ್ಟೆ. ಬರೆದಿಡುತ್ತೇನೆ. ಅಪರೂಪಕ್ಕೆ ಬೇಕಾಗುವುದನ್ನು ಬೇಡದ್ದೆಂದು ತೆಗೆಯುವುದನ್ನೂ ಬಿಟ್ಟಿದ್ದೇನೆ. ಆದರೆ ಈಗಲೂ ನನ್ನನ್ನು ಕಾಡುವುದು ಅಳಿಸಿದ ಇಂಡೆಕ್ಸಲ್ಲ. ಯಾವುದೋ ಮನೆಯಲ್ಲಿ ಮಲಗಿದ್ದ, ನಾನು ಕಾಣದ ಆ ಮಗು ಸ್ವಲ್ಪ ಬೇಗ ಎದ್ದಿದ್ದರೆ?

ಆ ಹತ್ತು ನಿಮಿಷ ಎಲ್ಲಿ ಹೋಯಿತೆಂದು ಅಬ್ದುಲ್ಲಾಕನಿಗೆ ನಾನು ಇವತ್ತಿಗೂ ಹೇಳಿಲ್ಲ. ಎದುರು ಸಿಕ್ಕಾಗಲೆಲ್ಲ ಮಳೆ, ಬಿಸಿಲು ಎಂದು ಮಾತು ತೇಲಿಸುತ್ತೇನೆ. ಅವರಿಗೆ ಕನ್ನಡ ಓದಲು ಚೆನ್ನಾಗಿ ಬರುತ್ತದೆ. ಓದಲಿ ಎಂದೇ ಇದನ್ನು ಬರೆದಿದ್ದೇನೆ.